ಅಣ್ಣನಿಗೆ ತಾಯಿಯಾದದ್ದು

ನನ್ನ ಸ್ವಂತ ಅಣ್ಣನಿಗೆ ನಾನು ಸಿನಿಮಾದಲ್ಲಿ ತಾಯಿಯ ಪಾರ್ಟು ಮಾಡಿದ್ದೇನೆ. ಅವನು ನನಗಿಂತ ಏಳು ವರ್ಷ ದೊಡ್ಡವನು. ಈ ಮಾತು ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ಪೇಪರಿನವರು ಮಾತ್ರ ನಗುವುದಿಲ್ಲ. ಎಂಥ ದೊಡ್ಡ ಮನಸ್ಸು, ಎಂಥ ಕಲಾವಿದರ ಮನೆತನ, ಅಣ್ಣನಿಗಾಗಿ ತಲೆಗೆ ಬಿಳಿ ವಿಗ್ಗು ಇಟ್ಟುಕೊಂಡ ತಂಗಿ ಅಂತ ಬರೆಯುತ್ತಾರೆ. ನನ್ನ ಮನಸ್ಸು ದೊಡ್ಡದೂ ಅಲ್ಲ, ನಾನು ಅಣ್ಣನಿಗಾಗಿ ವಿಗ್ಗು ಇಟ್ಟುಕೊಂಡದ್ದೂ ಅಲ್ಲ. ಒಂದು ಸೀನಿಗಾಗಿ ಇಟ್ಟುಕೊಂಡೆ. ಆ ಸೀನಿನಲ್ಲಿ ಅವನು ನನ್ನ ಕಾಲಿಗೆ ಬೀಳಬೇಕಿತ್ತು. ಅದು ಏನಾಯಿತು ಅಂತ ಇಲ್ಲಿ ಬರೆಯುತ್ತೇನೆ. ನನಗೆ ಓದು ಬರಹ ಅಷ್ಟಕ್ಕಷ್ಟೆ, ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಅಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಮಾತನ್ನು ತಿದ್ದುವುದು ಬೇಡ.

ಅಪ್ಪನದು ನಾಟಕದ ಕಂಪನಿ. ನಮ್ಮ ಕಡೆ ಅಪ್ಪನ ಹೆಸರು ಗೊತ್ತಿಲ್ಲದವರಿರಲಿಲ್ಲ. ಅವರು ಬಸ್ಸು ಹತ್ತಿದರೆ ಕೂತವರು ಎದ್ದು ಸೀಟು ಬಿಡುತ್ತಿದ್ದರು. ಕಂಪನಿ ಊರೂರು ತಿರುಗಿ ಬಂದು ಅರಸೀಕೆರೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ರೈಲುಗಳು ಕೂಡುವ ಊರು, ಕೊಬ್ಬರಿ ವ್ಯಾಪಾರದ ಊರು, ಟೆಂಟು ತುಂಬುತ್ತಿತ್ತು. ಅಲ್ಲೇ ಅಪ್ಪ ಒಂದು ಮನೆ ಮಾಡಿದರು. ಅಣ್ಣನನ್ನು ಆ ಊರಿನ ಸ್ಕೂಲಿಗೆ, ಆಮೇಲೆ ಹಾಸನದ ಹಾಸ್ಟೆಲಿಗೆ ಹಾಕಿದರು. ನನ್ನನ್ನು ಸ್ಟೇಜಿಗೆ ಹಾಕಿದರು. ನಾಟಕದಲ್ಲಿ ಯಾವ ರಾಜನಿಗೆ ಮಗು ಬೇಕಾದರೂ ಆ ಮಗು ನಾನೇ. ಕಾಡಿಗೆ ಅಟ್ಟುವ ಮಗು, ಹಾವು ಕಚ್ಚುವ ಮಗು, ದೇವರು ಬಂದು ಎತ್ತಿಕೊಳ್ಳುವ ಮಗು. ಅಣ್ಣ ರಜೆಗೆ ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮುಖಕ್ಕೆ ಬಣ್ಣ ಹಚ್ಚುವ ಮೊದಲು ಬಣ್ಣದ ಪೆಟ್ಟಿಗೆಗೆ ಕೈಮುಗಿಯಬೇಕು, ಆಮೇಲೆ ಅಲ್ಲಿರುವ ಹಿರಿಯರ ಪಾದ ಮುಟ್ಟಬೇಕು. ಅಪ್ಪ ಇರುವಷ್ಟು ದಿನ ಅಪ್ಪನ ಪಾದ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಪಾದ. ಅವ್ವ ಇದ್ದಳಲ್ಲ ಅಂತ ಕೇಳಬೇಡಿ. ಅವ್ವ ಅಷ್ಟು ಹೊತ್ತಿಗೆ ಸ್ಟೇಜು ಬಿಟ್ಟು ಅಡುಗೆಮನೆ ಸೇರಿದ್ದಳು, ಬಣ್ಣದ ಮನೆಯಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಅಪ್ಪನ ಕಂಪನಿ ಮುಚ್ಚಿ ಅಣ್ಣ ಸಿನಿಮಾಕ್ಕೆ ಹೋದ ಮೇಲೂ, ಅವನ ಹಿಂದೆ ನಾನು ಹೋದ ಮೇಲೂ, ಶೂಟಿಂಗಿನ ಪ್ರತಿ ಬೆಳಗ್ಗೆ ನಾನು ಬಗ್ಗಿ ಅವನ ಪಾದ ಮುಟ್ಟಿ ಬಣ್ಣಕ್ಕೆ ಕೂರುತ್ತಿದ್ದೆ. ಅವನು ಕಾಫಿ ಕುಡಿಯುತ್ತಿದ್ದರೆ ಕುಡಿಯುತ್ತಲೇ ಇರುತ್ತಿದ್ದ. ಒಂದು ಕಾಲು ಸ್ವಲ್ಪ ಮುಂದೆ ಚಾಚುತ್ತಿದ್ದ, ಅಷ್ಟೆ.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಹೊರಗಿನವರ ಎರಡು ಸಿನಿಮಾದಲ್ಲಿ ಹೀರೋಯಿನ್ ಆದೆ. ಎರಡೂ ಓಡಿದವು. ಮೂರನೆಯದಕ್ಕೆ ಬಂದವರನ್ನು ಅಣ್ಣ ಬಾಗಿಲಿನಿಂದಲೇ ವಾಪಸ್ ಕಳಿಸಿದ. ಇಂಥವರ ಮಗಳು ಯಾರ್ಯಾರದೋ ಕೈ ಹಿಡಿದು ಮರ ಸುತ್ತುವುದು ಬೇಡ, ಇನ್ನು ಮೇಲೆ ನಮ್ಮ ಬ್ಯಾನರಿನಲ್ಲೇ ಮಾಡಲಿ ಅಂದ. ನಮ್ಮ ಬ್ಯಾನರು ಅಂದರೆ ಅಣ್ಣನ ಸಿನಿಮಾ ಕಂಪನಿ, ಅಲ್ಲಿ ಅವನೇ ಹೀರೋ. ಅವನು ಹೀರೋ ಆದ ಮೇಲೆ ನಾನು ಹೀರೋಯಿನ್ ಆಗುವುದು ಹೇಗೆ? ತಂಗಿಯಾದೆ. ಒಂದು ಸಿನಿಮಾದಲ್ಲಿ ಬಾವಿಗೆ ಬಿದ್ದೆ, ಒಂದರಲ್ಲಿ ಬೆಂಕಿ ಹಚ್ಚಿಕೊಂಡೆ, ಇನ್ನೊಂದರಲ್ಲಿ ವಿಲನ್ನು ಕೊಂದ. ನಾನು ಸತ್ತರೆ ಅವನು ಹೊಡೆದಾಡುತ್ತಿದ್ದ, ಜನ ಶಿಳ್ಳೆ ಹಾಕುತ್ತಿದ್ದರು. ಅವನ ಕೋಪಕ್ಕೆ ಒಂದು ಕಾರಣ ಬೇಕಿತ್ತು, ಅದು ನಾನು.

ಆಮೇಲೆ ಅತ್ತಿಗೆಯಾದೆ. ಆಮೇಲೆ ವಿಧವೆ ಅಕ್ಕನಾದೆ. ಅವನ ಹೀರೋಯಿನ್ನುಗಳು ವರ್ಷ ವರ್ಷಕ್ಕೆ ಚಿಕ್ಕವರಾಗುತ್ತಾ ಬಂದರು, ನಾನು ದೊಡ್ಡವಳಾಗುತ್ತಾ ಹೋದೆ, ಅವನು ಇದ್ದಲ್ಲೇ ಇದ್ದ. ಹೊಟ್ಟೆಗೆ ಬೆಲ್ಟು ಬಿಗಿದು, ಕೂದಲಿಗೆ ಕಪ್ಪು ಹಚ್ಚಿ, ಕೈಯಲ್ಲಿ ಎರಡು ಪುಸ್ತಕ ಹಿಡಿದು ಕಾಲೇಜಿಗೆ ಹೋಗುತ್ತಿದ್ದ. ನನಗೆ ಬಂದ ಗಂಡುಗಳನ್ನೂ ಅವನೇ ವಾಪಸ್ ಕಳಿಸಿದ್ದ, ಇವರು ನಮ್ಮ ಮನೆತನಕ್ಕೆ ಸಾಟಿಯಲ್ಲ ಅಂತ. ಮನೆತನ ಅನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ತಾಯಿ ಪಾರ್ಟಿನ ಮಾತು ಬಂದದ್ದು ಎಂಬತ್ತರ ಮೇಲೆ. ಡೈರೆಕ್ಟರು ಅರಸೀಕೆರೆ ಮನೆಗೇ ಬಂದು ಕಥೆ ಹೇಳಿದರು. ಅವ್ವ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಅಣ್ಣ ಕುರ್ಚಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ, ನಾನು ಕಂಬಕ್ಕೆ ಒರಗಿ ಕೆಳಗೆ ಕೂತಿದ್ದೆ. ಹಳ್ಳಿಯ ತಾಯಿ, ಒಬ್ಬನೇ ಮಗ. ಅವನು ಪಟ್ಟಣಕ್ಕೆ ಹೋಗಿ ತಾಯಿಯನ್ನು ತಾಯಿ ಅಂತ ಹೇಳಿಕೊಳ್ಳಲು ನಾಚಿಕೊಳ್ಳುತ್ತಾನೆ. ಆ ಕೊರಗಿಗೆ ತಾಯಿ ಕಾಯಿಲೆ ಬಿದ್ದು ಏಳುತ್ತಾಳೆ. ಕೊನೆಗೆ ಬುದ್ಧಿ ಬಂದು ಊರಿಗೆ ಬರುತ್ತಾನೆ. ತಾಯಿ ಜಗಲಿಯ ಮೇಲೆ ನಿಂತಿರುತ್ತಾಳೆ. ಅವನು ಬಂದು ಅವಳ ಕಾಲು ಹಿಡಿದುಕೊಳ್ಳುತ್ತಾನೆ. ತಾಯಿ ತಕ್ಷಣ ಎತ್ತುವುದಿಲ್ಲ. ಕಾಲು ಹಿಡಿದವನ ಮುಂದೆ ನಿಂತು ತನ್ನ ಮಾತೆಲ್ಲ ಆಡುತ್ತಾಳೆ, ಆಮೇಲೆ ಎತ್ತುತ್ತಾಳೆ.

ಇಷ್ಟು ವರ್ಷದಲ್ಲಿ ನನಗೆ ಅಂಥ ಮಾತು ಯಾರೂ ಕೊಟ್ಟಿರಲಿಲ್ಲ. ಡೈರೆಕ್ಟರು ಎರಡು ಸಲ ಓದಿ ಹೇಳಿದರು, ಪೂರ್ತಿ ಕಿವಿಯಲ್ಲಿ ಕೂತುಬಿಟ್ಟಿತು. ನನಗೆ ಮಾತು ಕಲಿಯಲು ಕಾಗದ ಬೇಡ. ಇನ್ನೊಂದು ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷ ಅವನ ಮುಂದೆ ಬಗ್ಗಿದ್ದೆ. ಒಂದು ಸಲ ಅವನು ಬಗ್ಗಲಿ ಅನ್ನಿಸಿತು.

ಅವ್ವ ಅವರೆಕಾಯಿಯಿಂದ ಕಣ್ಣೆತ್ತದೆ ಒಪ್ಪಿಕೋ ಅಂದಳು. ನೀನು ಬ್ಯಾಡ ಅಂದರೆ ಹೊರಗಿನವರು ಯಾರಾದರೂ ಬಂದು ತಾಯಿ ಅನ್ನಿಸಿಕೊಳ್ಳುತ್ತಾರೆ, ಅದಕ್ಕಿಂತ ಮನೆಯವಳೇ ವಾಸಿ ಅಂತ ಅವಳ ಲೆಕ್ಕ. ನಾನು ಅಣ್ಣನ ಮುಖ ನೋಡಿ ಹೇಳಿದೆ:

"ಆ ಜಗಲಿ ಸೀನು ಹಂಗೇ ಇದ್ರೆ ಮಾಡ್ತೀನಿ ಕಣಣ್ಣಯ್ಯ. ಒಂದು ಮಾತೂ ತೆಗೀಬಾರ್ದು."

"ಆಯ್ತು ಬಿಡು," ಅಂದ. ಬಾಯಲ್ಲಿ ಎಲೆ ಇತ್ತು. ಅವನು ಕಥೆಯನ್ನು ಸರಿಯಾಗಿ ಕೇಳಿಸಿಕೊಂಡಿದ್ದನೋ ಇಲ್ಲವೋ ಗೊತ್ತಿಲ್ಲ. ಅವನು ಯಾವತ್ತೂ ತನ್ನ ಹಾಡು ಎಷ್ಟಿದೆ, ಫೈಟು ಎಷ್ಟಿದೆ ಅಂತ ಮಾತ್ರ ಕೇಳುವವನು.

ಶೂಟಿಂಗು ಹಳೇಬೀಡಿನಲ್ಲಿ. ಗುಡಿಯ ಮುಂದೆ ಅವನೂ ಆ ಸಿನಿಮಾದ ಹುಡುಗಿಯೂ ಎರಡು ದಿನ ಹಾಡಿಗೆ ಕುಣಿದರು. ಆ ಹುಡುಗಿಗೆ ನನ್ನ ಮಗಳ ವಯಸ್ಸು, ಮಗಳು ಇದ್ದಿದ್ದರೆ. ನಮ್ಮನ್ನೆಲ್ಲ ಬೇಲೂರಿನಲ್ಲಿ ಇಳಿಸಿದ್ದರು. ಬೆಳಗ್ಗೆ ವ್ಯಾನಿನಲ್ಲಿ ಹಳೇಬೀಡಿಗೆ ಹೋಗುವುದು, ಸಂಜೆ ವಾಪಸ್ಸು. ತಾಯಿಯ ಮನೆ ಅಂತ ಬಸದಿಗಳ ಹತ್ತಿರ ಜೈನರ ಒಂದು ಹಳೇ ಮನೆ ಹಿಡಿದಿದ್ದರು. ಉದ್ದನೆ ಜಗಲಿ, ಹಲಸಿನ ಮರದ ಕಂಬಗಳು. ಆ ಮನೆಯ ಯಜಮಾನಿಗೆ ಅವ್ವನಷ್ಟೇ ವಯಸ್ಸು, ನಾಲಿಗೆ ಮಾತ್ರ ಅವ್ವನಿಗಿಂತ ಚುರುಕು. ಜಗಲಿಯ ಪಕ್ಕ ಎಲೆಅಡಿಕೆ ಉಗಿದ ಅಂತ ಮೊದಲನೇ ದಿನವೇ ಅಣ್ಣನ ಕೈಯಲ್ಲಿ ನೀರು ಹಾಕಿಸಿ ತೊಳೆಸಿದ್ದಳು. ಹೊತ್ತು ಮುಳುಗುವುದರೊಳಗೆ ಅವರ ಮನೆಯಲ್ಲಿ ಊಟ ಆಗಬೇಕು, ಹಾಗಾಗಿ ಹೊತ್ತಿಳಿದ ಮೇಲೆ ಶೂಟಿಂಗು ಇಲ್ಲ ಅಂತ ಕರಾರು.

ಜಗಲಿ ಸೀನಿನ ದಿನ ಬೆಳಗ್ಗೆ ಬಿಳಿ ವಿಗ್ಗನ್ನು ಪಕ್ಕದಲ್ಲಿಟ್ಟುಕೊಂಡು, ಪದ್ಧತಿಯಂತೆ ಬಗ್ಗಿ ಅವನ ಪಾದ ಮುಟ್ಟಿದೆ. ಚೆನ್ನಾಗಿ ಮಾಡು ಅಂದ. ಬಣ್ಣದವನು ನನ್ನ ಕೆನ್ನೆಗೆ ಗೆರೆ ಎಳೆದ. ಆಚೆ ಕನ್ನಡಿಯಲ್ಲಿ ಇನ್ನೊಬ್ಬ ಬಣ್ಣದವನು ಅಣ್ಣನ ಕೆನ್ನೆಯ ಗೆರೆ ಮುಚ್ಚುತ್ತಿದ್ದ. ಅವತ್ತು ನನಗೆ ಸಿಟ್ಟು ಬರಲಿಲ್ಲ. ನನ್ನ ತಲೆಯಲ್ಲಿ ಬರೀ ಮಾತು ತುಂಬಿತ್ತು.

ನಾನು ಜಗಲಿಯ ಮೇಲೆ ನಿಂತೆ. ಅವನು ಬೀದಿಯಿಂದ ಓಡಿ ಬಂದ, ಮೆಟ್ಟಿಲು ಹತ್ತಿದ, ಮಂಡಿಯೂರಿದ. ಅಲ್ಲಿಗೆ ನಿಂತುಬಿಟ್ಟ. ಎರಡು ಕೈಯನ್ನೂ ಮೆಟ್ಟಿಲಿನ ಕಲ್ಲಿನ ಮೇಲೆ ಊರಿಕೊಂಡ. ಡೈರೆಕ್ಟರು ನಿಲ್ಲಿಸಿ, ಪಾದ ಹಿಡಿಯಬೇಕು ಅಂತ ಮೆಲ್ಲಗೆ ನೆನಪು ಮಾಡಿದರು. ಎರಡನೇ ಸಲವೂ ಕಲ್ಲೇ ಹಿಡಿದ. ಆಮೇಲೆ ಎದ್ದು, ಡೈರೆಕ್ಟರ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಕಡೆಗೆ ಕರೆದುಕೊಂಡು ಹೋದ. ಬಾಗಿಲ ಹೊಸಲ ಮೇಲೆ ಕೂತಿದ್ದ ಮನೆಯ ಯಜಮಾನಿ, ಇಷ್ಟು ಹೊತ್ತಿಗೆ ನಮ್ಮ ಮನೆ ಹುಡುಗರು ಹತ್ತು ಸಲ ಬಿದ್ದು ಏಳುತ್ತಿದ್ದರು ಅಂದಳು.

ಡೈರೆಕ್ಟರು ವಾಪಸ್ ಬಂದರೂ ನನ್ನ ಹತ್ತಿರ ಬರಲಿಲ್ಲ. ಅಸಿಸ್ಟೆಂಟನ್ನು ಕಳಿಸಿದರು. ಆ ಮನುಷ್ಯ ನೆಲ ನೋಡಿಕೊಂಡು ಹೇಳಿದ: ಹಿರಿಯರು ಕಿರಿಯರ ಕಾಲಿಗೆ ಬಿದ್ದರೆ ಕಿರಿಯರ ಆಯಸ್ಸು ಕಡಿಮೆಯಾಗುತ್ತದಂತೆ, ನಿಮ್ಮ ಆಯಸ್ಸಿನ ಮೇಲೆ ಅವರಿಗೆ ಕಾಳಜಿ, ಅದಕ್ಕೆ ಪಾದದ ಶಾಟಿಗೆ ಮಾತ್ರ ಡ್ಯೂಪು ಹಾಕುತ್ತೇವೆ, ಮುಖ ನಿಮ್ಮದೇ.

ನಾನು ಬಾಯಿ ಬಿಡುವುದರೊಳಗೆ ಗುಂಪಿನಲ್ಲಿ ನಿಲ್ಲಲು ಕರೆತಂದಿದ್ದ ಬೇಲೂರಿನ ಒಂದು ಹುಡುಗಿಯನ್ನು ಜಗಲಿ ಹತ್ತಿಸಿದ್ದರು. ನನ್ನ ಸೀರೆಯಂಥದ್ದೇ ಸೀರೆ ಉಡಿಸಿ, ಅವಳ ಹಿಮ್ಮಡಿಗೆ ಬೂದಿ ಬಳಿಯುತ್ತಿದ್ದರು, ಮುದುಕಿ ಕಾಲಿನ ಹಾಗೆ ಕಾಣಲಿ ಅಂತ. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಅಸಿಸ್ಟೆಂಟು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ನನ್ನ ಸೆರಗು ಹಿಡಿದು ಸಣ್ಣಗೆ ಕೇಳಿದಳು:

"ಅಕ್ಕಾ, ನಂಗೇನೂ ಆಗಕ್ಕಿಲ್ವಾ?"

ಆಗ ಬಂತು ನನಗೆ ಸಿಟ್ಟು. ಆ ಸಿಟ್ಟು ಇವತ್ತಿನವರೆಗೂ ಇಳಿದಿಲ್ಲ. ಆ ಹುಡುಗಿಯನ್ನು ತೋಳು ಹಿಡಿದು ಜಗಲಿಯಿಂದ ಕೆಳಗಿಳಿಸಿದೆ. ಅಣ್ಣನನ್ನು ನಡುಮನೆಗೆ ಕರೆದೆ. ಅವನು ಬಂದ, ಯಜಮಾನಿಯೂ ಬಂದು ಬಾಗಿಲಲ್ಲಿ ನಿಂತಳು. ಅವಳ ಮನೆ, ನಿಲ್ಲುವ ಹಕ್ಕು ಅವಳಿಗಿತ್ತು.

"ನನ್ನ ಆಯಸ್ಸು ಹೋಯ್ತದೆ ಅಂದ್ಯಂತೆ," ಅಂದೆ.

"ಶಾಸ್ತ್ರ ಕಣೇ ಅದು. ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಆ ಹುಡುಗಿ ನನಗಿಂತ ಚಿಕ್ಕೋಳು. ಅವಳ ಆಯಸ್ಸು?"

"ಅವಳು ಯಾರೋ ಏನೋ."

"ಯಾರೋ ಆದ್ರೆ ಸತ್ರೂ ಚಿಂತೆಯಿಲ್ವಾ?"

ಅವನು ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. ನಿಜ ಹೊರಗೆ ಬಂದದ್ದು ಆಗಲೇ.

"ಜನ ಏನಂತಾರೆ ಯೋಚನೆ ಮಾಡು. ಇಂಥೋರ ಮಗ ಸ್ವಂತ ತಂಗಿ ಕಾಲಿಗೆ ಬಿದ್ದ ಅಂತಾರೆ. ಮನೆ ಮರ್ಯಾದೆ ಉಳಿಯುತ್ತಾ?"

"ನನ್ನ ಮುಖಕ್ಕೆ ಗೆರೆ ಎಳೆದು ನಿನ್ನ ತಾಯಿ ಮಾಡ್ದಾಗ ಹೋಗ್ಲಿಲ್ವಾ ಮರ್ಯಾದೆ?"

ಅವನು ಕೈಗಡಿಯಾರ ನೋಡಿಕೊಂಡ. ನೋಡಿ ಹೊರಗೆ ಹೋದ. ನಾನು ಡೈರೆಕ್ಟರಿಗೆ ಹೇಳಿಬಿಟ್ಟೆ, ಅವನ ಕೈ ನನ್ನ ಕಾಲು ಮುಟ್ಟುವವರೆಗೂ ನನ್ನ ಬಾಯಿಂದ ಒಂದು ಮಾತೂ ಬರುವುದಿಲ್ಲ ಅಂತ. ವಿಗ್ಗು ತೆಗೆದು ಕಂಬದ ಬುಡದಲ್ಲಿಟ್ಟು ಜಗಲಿಯ ಮೇಲೆ ಕೂತೆ. ರಿಫ್ಲೆಕ್ಟರು ಹಿಡಿಯುವವರು ಅದನ್ನು ಗೋಡೆಗೆ ಆನಿಸಿ ಬೀಡಿ ಹಚ್ಚಿದರು. ಯೂನಿಟ್ಟು ಪೂರ್ತಿ ಕೂತಿತು.

ಅಣ್ಣ ಅರಸೀಕೆರೆಗೆ ಕಾರು ಕಳಿಸಿದ, ಅವ್ವನನ್ನು ಕರೆಸಲು. ಅವನಿಗೆ ಗೊತ್ತಿತ್ತು, ನಾನು ಅವ್ವನ ಮಾತಿಗೆ ಬಗ್ಗುತ್ತೇನೆ ಅಂತ. ಅವ್ವ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಂದವಳೇ ಕಾರಿನಿಂದ ಇಳಿಯುತ್ತಾ ನನ್ನನ್ನು ಬೈಯಲು ಶುರು ಮಾಡಿದಳು. ಹಟಮಾರಿ ಅಂದಳು, ಮನೆ ಹಾಳು ಮಾಡಲು ಹುಟ್ಟಿದವಳು ಅಂದಳು, ಇಷ್ಟು ಜನರ ಅನ್ನ ನಿಲ್ಲಿಸಿದೆಯಲ್ಲ ಅಂದಳು. ಮನೆಯ ಯಜಮಾನಿ ನಡುವೆ ಬಾಯಿ ಹಾಕಿ, ಬೆಳಕಿರುವಾಗಲೇ ಒಂದು ತುತ್ತು ಉಣ್ಣಿ, ಜಗಳ ಕತ್ತಲಲ್ಲೂ ಆಡಬಹುದು ಅಂತ ನಮ್ಮಿಬ್ಬರನ್ನೂ ಒಳಗೆ ಕರೆದು ಎಲೆ ಹಾಕಿದಳು. ಅನ್ನ, ಹೆಸರುಬೇಳೆ ತೊವ್ವೆ. ಅವ್ವ ಉಣ್ಣುತ್ತಾ ಬೈದಳು.

"ಅವನು ಗಂಡಸು ಕಣೆ. ಗಂಡಸ್ರಿಗೆ ಅದೆಲ್ಲ ಆಗಕ್ಕಿಲ್ಲ. ಹೋಗ್ಲಿ ಬುಡು."

"ಅಪ್ಪ ಗಂಡಸಾಗಿರ್ಲಿಲ್ವಾ?" ಅಂದೆ.

ಅವ್ವನ ಕೈ ಎಲೆಯ ಮೇಲೇ ನಿಂತಿತು. ಯಾಕೆ ಅಂತ ಹೇಳುತ್ತೇನೆ. ಅಪ್ಪನ ಕಂಪನಿಯಲ್ಲಿ ಅವ್ವ ತಾಯಿ ಪಾರ್ಟು ಮಾಡುತ್ತಿದ್ದಳು. ಒಂದು ನಾಟಕದಲ್ಲಿ ಅಪ್ಪ ಮಗ, ಅವ್ವ ತಾಯಿ. ಕಟ್ಟಿಕೊಂಡ ಹೆಂಡತಿಯ ಕಾಲಿಗೆ ಅಪ್ಪ ದಿನಾ ಸಾವಿರ ಜನರೆದುರು ಬೀಳುತ್ತಿದ್ದರು. ಸುಮ್ಮನೆ ಬಗ್ಗುವುದಲ್ಲ, ಹಣೆ ಹಚ್ಚುತ್ತಿದ್ದರು. ಸೈಡಿನಲ್ಲಿ ನಿಂತು ನಾನೊಮ್ಮೆ ಕಿಸಕ್ಕನೆ ನಕ್ಕೆ. ಅಪ್ಪ ಪರದೆ ಬಿದ್ದ ಮೇಲೆ ಬಂದು ನನ್ನ ಕೆನ್ನೆಗೆ ಕೊಟ್ಟರು. ಬಣ್ಣ ಹಚ್ಚಿದ ಮೇಲೆ ಅವಳು ನನ್ನ ತಾಯಿ, ನಗಬಾರದು ಅಂದರು. ನಮ್ಮ ಮನೆತನದ ಮರ್ಯಾದೆ ಅಂದರೆ ಅದು. ಅಣ್ಣ ಆಗ ಹಾಸ್ಟೆಲಿನಲ್ಲಿದ್ದ, ಆ ಏಟೂ ಆ ಮಾತೂ ಅವನಿಗೆ ಗೊತ್ತಾಗಲಿಲ್ಲ. ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನೇ ಬೈಯಲು ಅಷ್ಟು ದೂರ ಬಂದಿದ್ದಳು.

ಅವ್ವ ಕೈ ತೊಳೆದು ಅಣ್ಣನ ಹತ್ತಿರ ಹೋದಳು. ಅವಳು ನ್ಯಾಯ ಹೇಳುತ್ತಾಳೆ ಅಂದುಕೊಂಡೆ. ಅವಳು ಹೇಳಿದ್ದು ಇಷ್ಟು, ನನ್ನ ಕಿವಿಯಾರೆ ಕೇಳಿದ್ದೇನೆ:

"ಒಂದು ಗಳಿಗೆ ಬಿದ್ಬುಡು ಕಣಪ್ಪ. ಹಟಕ್ಕೆ ಬಿದ್ದವಳೆ ಮುಂಡೇದು. ನಿಂದೇನು ಸವೆದು ಹೋದಾತು."

ಮಾರನೇ ದಿನ ಜನ ತುಂಬಿಬಿಟ್ಟಿದ್ದರು. ಅಣ್ಣ ತಂಗಿಯ ಜಗಳದ ಸುದ್ದಿ ಬೇಲೂರು, ಹಾರನಹಳ್ಳಿಯವರೆಗೂ ಹೋಗಿ, ಟೆಂಪೋ ಮಾಡಿಕೊಂಡು ಬಂದವರಿದ್ದರು. ಕಾಂಪೌಂಡಿನ ಗೋಡೆಯ ಮೇಲೆಲ್ಲ ತಲೆಗಳು. ಅಣ್ಣ ಶಾಟಿಗೆ ಓಡಿ ಬಂದ, ಮಂಡಿಯೂರಿದ, ಈ ಸಲ ತಲೆ ಬಗ್ಗಿಸಿ ಎರಡೂ ಕೈ ಮುಂದೆ ಚಾಚಿದ. ಕ್ಯಾಮೆರಾ ಅವನ ಬೆನ್ನ ಹಿಂದೆ ಇತ್ತು. ಆ ಕಡೆಯಿಂದ ನೋಡಿದವರಿಗೆ ಕಾಲು ಹಿಡಿದ ಹಾಗೇ ಕಾಣಿಸಿರಬೇಕು. ಮೇಲಿಂದ ನೋಡುತ್ತಿದ್ದ ನನಗೆ ಕಾಣುತ್ತಿತ್ತು. ಅವನ ಬೆರಳಿಗೂ ನನ್ನ ಕಾಲಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಬಿಟ್ಟಿದ್ದ. ಅಷ್ಟನ್ನೂ ಅಳೆದು ಬಿಟ್ಟಿದ್ದ.

ನನ್ನ ಮಾತು ಶುರುವಾಗಬೇಕಿತ್ತು. ನಾನು ಮಾತಾಡಲಿಲ್ಲ. ಬಲಗಾಲನ್ನು ಮುಂದೆ ಜರುಗಿಸಿ ಹೆಬ್ಬೆರಳನ್ನು ಅವನ ಬೆರಳುಗಳ ಮೇಲೆ ಇಟ್ಟೆ. ತುಳಿಯಲಿಲ್ಲ, ಸುಮ್ಮನೆ ಇಟ್ಟೆ. ಅವನು ಕೆಂಡ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡು ಹಿಂದಕ್ಕೆ ಕೂತುಬಿಟ್ಟ. ಗೋಡೆಯ ಮೇಲಿದ್ದ ಯಾವನೋ ಪಕ್ಕದವನಿಗೆ, ಏನ್ಲಾ, ಸುಟ್ಕಂಡನಾ ಅಂದ. ಅಷ್ಟೇ ಸಾಕಾಯಿತು. ಗೋಡೆ ಪೂರ್ತಿ ನಕ್ಕಿತು. ಬೆಳಕಿನ ಹುಡುಗರು ನಕ್ಕರು. ಮನೆಯ ಯಜಮಾನಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ನಗಲಿಲ್ಲ. ಇನ್ನೊಂದು ಸಲ ತೆಗೆಯಿರಿ, ಈ ಸಲ ಮಾತಾಡುತ್ತೇನೆ ಅಂತ ಡೈರೆಕ್ಟರಿಗೆ ಹೇಳಿದೆ. ಅಣ್ಣ ಪ್ಯಾಂಟಿನ ಧೂಳು ಕೊಡವಿಕೊಂಡು ಕಾರು ಹತ್ತಿ ಬೇಲೂರಿಗೆ ಹೋದ. ಅವನನ್ನು ಜನ ಹೊಡೆದಿದ್ದರೂ ಸಹಿಸುತ್ತಿದ್ದನೇನೋ. ನಕ್ಕದ್ದನ್ನು ಸಹಿಸಲಿಲ್ಲ.

ಸಂಜೆ ಡೈರೆಕ್ಟರು ನನ್ನ ರೂಮಿಗೆ ಬಂದರು. ಕಥೆಯಲ್ಲಿ ಸ್ವಲ್ಪ ಬದಲಾವಣೆ ಆಗಿದೆ ಅಂದರು. ಜಗಲಿ ಸೀನು ಇಲ್ಲ, ತಾಯಿ ಕಾಯಿಲೆಯಲ್ಲಿ ಮಲಗುವವರೆಗೂ ನನ್ನ ಪಾರ್ಟು, ಅದು ಆಗಲೇ ತೆಗೆದಾಗಿದೆ, ಹಾಗಾಗಿ ನನ್ನದು ಮುಗಿಯಿತು ಅಂದರು. ಆ ಮನುಷ್ಯ ಕೆಟ್ಟವರಲ್ಲ. ಬ್ಯಾನರು ಅಣ್ಣನದು, ಅವರೇನು ಮಾಡಿಯಾರು. ನಾನು ಬೈದೆ, ಅವರು ಬೈಸಿಕೊಂಡರು. ಹೊರಡುವ ಮೊದಲು ಸ್ಟಿಲ್ ಫೋಟೋದವನು ಬಂದು ಒಂದು ಫೋಟೋ ಬೇಕು, ವಿಗ್ಗು ಹಾಕಿಕೊಂಡು ಕೂರಿ ಅಂದ. ಪೋಸ್ಟರಿಗೆ ಅಂದುಕೊಂಡು ಕೂತೆ. ಸ್ವಲ್ಪ ನಗಿ ಅಂದ. ನಗಲಿಲ್ಲ.

ಸಿನಿಮಾ ಅರಸೀಕೆರೆಗೆ ಬಂದಾಗ ಅವ್ವ ಹಟ ಮಾಡಿ ನನ್ನನ್ನು ಟಾಕೀಸಿಗೆ ಎಳೆದುಕೊಂಡು ಹೋದಳು. ಹೆಂಗಸರ ಕಡೆ ಕೂತೆವು. ತಾಯಿ ಕೆಮ್ಮಿದಳು, ಮಲಗಿದಳು, ಸತ್ತಳು ಅಂತ ಸುದ್ದಿ ಹೋಯಿತು. ಮಗ ಬೀದಿಯಿಂದ ಓಡಿ ಬಂದ. ಅದೇ ಜೈನರ ಮನೆ, ಅದೇ ಜಗಲಿ, ಅದೇ ಮೆಟ್ಟಿಲು. ಒಳಗೆ ಹೋದ. ನಡುಮನೆಯ ಗೋಡೆಯಲ್ಲಿ ನನ್ನ ಫೋಟೋ. ಗಂಧದ ಹಾರ ಹಾಕಿದ್ದರು, ಮುಂದೆ ದೀಪ ಹಚ್ಚಿದ್ದರು. ಅದರ ಮುಂದೆ ಅಣ್ಣ ಉದ್ದಕ್ಕೂ ಅಡ್ಡಬಿದ್ದ. ಹಣೆ ಚಚ್ಚಿಕೊಂಡ. ನೆಲದ ಮೇಲೆ ಹೊರಳಾಡಿ ಅತ್ತ. ನನ್ನ ಆಯಸ್ಸು ಕಡಿಮೆಯಾಗುತ್ತದೆ ಅಂತ ಕಾಲು ಮುಟ್ಟದವನು ನನ್ನನ್ನು ಪೂರ್ತಿ ಸಾಯಿಸಿ ಹಾರ ಹಾಕಿ ನಮಸ್ಕಾರ ಮಾಡುತ್ತಿದ್ದ. ಹಿಂದೆ ಮುಂದೆ ಎಲ್ಲ ಹೆಂಗಸರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಸಿನಿಮಾ ಓಡಿದ್ದೇ ಆ ಅಳುವಿನಿಂದ.

ಬದುಕಿರುವವರ ಫೋಟೋಕ್ಕೆ ನಮ್ಮಲ್ಲಿ ಯಾರೂ ಹಾರ ಹಾಕುವುದಿಲ್ಲ. ನನಗೆ ಅಂಥ ನಂಬಿಕೆಗಳು ಕಡಿಮೆ. ನಾಟಕದಲ್ಲಿ ಚಿಕ್ಕಂದಿನಿಂದ ಎಷ್ಟು ಸಲ ಸತ್ತಿದ್ದೇನೆ. ಆದರೆ ಅವ್ವ ಹೆತ್ತವಳು. ಅವಳು ಎದ್ದು ನಿಂತುಬಿಟ್ಟಳು. ಹಿಂದಿನವರು ಕೂತ್ಕಳಮ್ಮೋ, ಕಾಣಾಕಿಲ್ಲ ಅಂತ ಕೂಗಿದರೂ ಕೂರಲಿಲ್ಲ. ಪರದೆಯ ಬೆಳಕಿನಲ್ಲೇ ಜನರ ಮಂಡಿ ತುಳಿದುಕೊಂಡು ಹೊರಗೆ ಬಂದಳು. ಟಾಕೀಸಿನ ಮುಂದೆ ಸೋಡಾ ಅಂಗಡಿಯ ಹತ್ತಿರ ನನ್ನನ್ನು ನಿಲ್ಲಿಸಿ, ನನ್ನ ಕೆನ್ನೆ ಸವರಿ ತನ್ನ ಕಿವಿಯ ಹತ್ತಿರ ಬೆರಳು ಮಡಚಿ ನೆಟಿಗೆ ಮುರಿದಳು. ಮನೆಗೆ ಹೋದ ಮೇಲೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಅವನ ಹೆಸರು ಎತ್ತಲಿಲ್ಲ.

ಸಿನಿಮಾ ನೂರು ದಿನ ಓಡಿದ್ದಕ್ಕೆ ಅಣ್ಣ ಊರೂರು ತಿರುಗುತ್ತಾ ಅರಸೀಕೆರೆಗೂ ಬಂದ. ತೆರೆದ ಜೀಪು, ಹಾರ, ಪಟಾಕಿ, ಸ್ಟೇಷನ್ ರಸ್ತೆ ತುಂಬ ಜನ. ಜನರನ್ನು ಬೀದಿಯಲ್ಲೇ ಬಿಟ್ಟು ಮನೆಯೊಳಗೆ ಬಂದ. ನಾನು ಒಲೆಯ ಮುಂದಿದ್ದೆ, ಎದ್ದು ಬಂದು ಬಾಗಿಲಿಗೆ ನಿಂತೆ. ಅವ್ವ ಕಾಲು ಇಳಿಬಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಅವನು ಕೊರಳ ಹಾರ ತೆಗೆದು, ಆಶೀರ್ವಾದ ಮಾಡು ಅಂತ ಅವ್ವನ ಕಾಲಿಗೆ ಬಗ್ಗಿದ. ಅವ್ವ ಎರಡೂ ಕಾಲನ್ನು ಮೇಲಕ್ಕೆ ಎಳೆದುಕೊಂಡು ಸೀರೆಯೊಳಗೆ ಮಡಚಿಕೊಂಡಳು.

"ನಂದೂ ಒಂದು ಫೋಟೋ ತೆಗಿಸ್ಕೊಂಡೋಗು. ಹಾರ ಹಾಕಿ ಅದಕ್ಕೇ ಬೀಳು," ಅಂದಳು.

ಅವನು ನಗಲು ನೋಡಿದ. "ಸಿನಿಮಾ ಕಣವ್ವ ಅದು."

"ಇವಳ ಕಾಲಿಗೆ ಬೀಳು ಅಂದಾಗ ಸಿನಿಮಾ ಆಗಿರ್ಲಿಲ್ವೇನೋ?"

ಅವನು ತಿರುಗಿ ನನ್ನನ್ನು ನೋಡಿದ. ಒಳಗೆ ನಾವು ಮೂರೇ ಜನ. ಕ್ಯಾಮೆರಾ ಇಲ್ಲ, ಗೋಡೆಯ ಮೇಲೆ ಜನ ಇಲ್ಲ. ನನಗೂ ಅವನಿಗೂ ನಡುವೆ ಒಂದು ಮೊರ ಕಡಲೆಕಾಯಿ ಇತ್ತು, ಅಷ್ಟೆ. ಅವನು ಜೇಬಿನಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡ. ಹಾರವನ್ನು ಮತ್ತೆ ಕೊರಳಿಗೆ ಏರಿಸಿಕೊಂಡ. ಹೊರಗೆ ಹೋಗಿ ಜೀಪು ಹತ್ತಿ ಕೈ ಬೀಸಿದ, ಜನ ಕೂಗಿದರು.

ಅವತ್ತೇ ನಾನು ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಫೋನು ಹಚ್ಚಿಸಿದೆ. ಹೊರಗಿನ ಬ್ಯಾನರಿನವರೊಬ್ಬರು ಎರಡು ವರ್ಷದಿಂದ ಕರೆಯುತ್ತಿದ್ದರು, ಅಣ್ಣನಿಗೆ ಹೆದರಿ ನಾನು ಬೇಡ ಅಂದಿದ್ದೆ. ಬರುತ್ತೇನೆ ಅಂದೆ. ಅವರದೂ ತಾಯಿ ಪಾರ್ಟೇ. ಅಲ್ಲಿಂದ ಮುಂದೆ ಎಷ್ಟೋ ಜನ ಹೀರೋಗಳಿಗೆ ತಾಯಿಯಾದೆ, ಅವರಲ್ಲಿ ಅರ್ಧ ಜನ ನನಗಿಂತ ದೊಡ್ಡವರು. ಎಲ್ಲರೂ ಬಿದ್ದರು, ಎದ್ದರು, ಕಾಫಿ ಕುಡಿದರು. ಯಾರ ಮನೆಯ ಮರ್ಯಾದೆಯೂ ಹೋಗಲಿಲ್ಲ, ನಾನೂ ಸಾಯಲಿಲ್ಲ. ಅಣ್ಣನ ಬ್ಯಾನರಿಗೆ ಮಾತ್ರ ಆಮೇಲೆ ಕಾಲಿಡಲಿಲ್ಲ. ಅವನೂ ಕರೆಯಲಿಲ್ಲ.

ಅವ್ವ ನನ್ನ ಕಡೆಗೆ ಬಂದಳು ಅಂತ ಯಾರೂ ತಿಳಿಯುವುದು ಬೇಡ. ನಾನು ಬೆಂಗಳೂರಿಗೆ ಹೊರಟ ದಿನ ಬೆಳಗ್ಗೆಯೇ ಎದ್ದು ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಳು. ಹೆಂಗೂ ಹೋಗ್ತಾ ಇದ್ದೀಯಲ್ಲ, ಅಲ್ಲಿ ನಿಮ್ಮಣ್ಣನ ಮನೆಗೆ ಕೊಟ್ಟುಬಿಡು, ಪಾಪ ಅವನಿಗೆ ಇಷ್ಟ ಅಂದಳು. ಡಬ್ಬಿ ಇಸಿದುಕೊಂಡು ರೈಲು ಹತ್ತಿದೆ. ಎದುರು ಸೀಟಿನಲ್ಲಿ ಗಂಡಸಿ ಊರಿನ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ತಿಪಟೂರಿನಲ್ಲಿ ಡಬ್ಬಿ ತೆಗೆದು ಅವಳಿಗೆ ಎರಡು ಕೊಟ್ಟೆ, ನಾನು ಎರಡು ತಿಂದೆ. ಮಿಠಾಯಿ ಚೆನ್ನಾಗಿತ್ತು. ತುಮಕೂರು ಬರುವಷ್ಟರಲ್ಲಿ ನಾವಿಬ್ಬರೂ ಸೇರಿ ಪೂರ್ತಿ ತಿಂದು ಮುಗಿಸಿದ್ದೆವು.